ಮಾತಾಡಿದವರು ಜವಾಬಿಗೂ ನಿಲ್ಲಬೇಕು: ಯುದ್ಧ, ರಾಜಕೀಯ ಮತ್ತು ಖ್ಯಾತನಾಮರು

2025ರ ಮೇ ತಿಂಗಳಲ್ಲಿ ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಹೆಸರು ದೇಶದುದ್ದಕ್ಕೂ ಕೇಳಿಬಂತು. ಪಾಕಿಸ್ತಾನದಲ್ಲಿನ ಉಗ್ರರ ನೆಲೆಗಳ ಮೇಲೆ ಭಾರತ ನಡೆಸಿದ ‘ಆಪರೇಷನ್ ಸಿಂಧೂರ’ದ ವಿವರಗಳನ್ನು ಮೇ 7ರಂದು ದೇಶದ ಮುಂದಿಟ್ಟ ಕರ್ನಲ್ ಸೋಫಿಯಾ ಖುರೇಶಿ ಅವರು ಆ ಊರಿನ ಸೊಸೆ ಎಂದು ತಿಳಿದಾಗ ಬೆಳಗಾವಿ ಜಿಲ್ಲೆಯ ಜನ ಎದೆಯುಬ್ಬಿಸಿದರು. ಆದರೆ ಹೆಚ್ಚು ದಿನ ಕಳೆಯುವ ಮೊದಲೇ, ಕೊಣ್ಣೂರಿನ ಅವರ ಮಾವನ ಮನೆಯ ಮೇಲೆ ದಾಳಿ ನಡೆದಿದೆ ಎಂಬ ಪೋಸ್ಟ್ ‘ಎಕ್ಸ್’ನಲ್ಲಿ ಹರಿದಾಡತೊಡಗಿತು. ಅಂಥದ್ದೇನೂ ನಡೆದಿರಲಿಲ್ಲ. ಜಿಲ್ಲಾ ಪೊಲೀಸರು ಅದು ಸುಳ್ಳೆಂದು ಸ್ಪಷ್ಟಪಡಿಸಿ, ಆ ಮನೆಗೆ ಕಾವಲನ್ನೂ ಹಾಕಬೇಕಾಯಿತು.

ಆ ಸುಳ್ಳನ್ನು ಬರೆದವರು ಸಿನಿಮಾ ತಾರೆಯೂ ಅಲ್ಲ, ಕ್ರಿಕೆಟಿಗರೂ ಅಲ್ಲ. ಯಾರೂ ಕೇಳರಿಯದ ಒಂದು ಖಾತೆಯ ಮಾತೇ ಒಂದು ಊರಿನ ನೆಮ್ಮದಿಯನ್ನು ಇಷ್ಟು ಕದಡಬಹುದಾದರೆ, ಕೋಟಿಗಟ್ಟಲೆ ಜನ ಹಿಂಬಾಲಿಸುವವರ ಮಾತು ಏನೆಲ್ಲ ಮಾಡೀತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಯುದ್ಧ ಮತ್ತು ರಾಜಕೀಯದ ಬಗ್ಗೆ ಖ್ಯಾತನಾಮರು ಬಾಯಿ ಬಿಡಬೇಕೇ ಬೇಡವೇ ಎಂಬ ಚರ್ಚೆ ಬೆಂಗಳೂರು, ಮುಂಬೈಗಳ ಸ್ಟುಡಿಯೊಗಳಲ್ಲಿ ನಡೆಯುವಾಗ ಒಂದು ಬಗೆಯದಾಗಿರುತ್ತದೆ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ನೆಲೆಯಿರುವ, ಪಕ್ಕದ ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ನಡೆಯುತ್ತಿರುವ ನಮ್ಮ ಸೀಮೆಯಲ್ಲಿ ಅದು ಬೇರೆಯೇ ಬಗೆಯದಾಗುತ್ತದೆ. ಇಲ್ಲಿನ ಅನೇಕ ಹಳ್ಳಿಗಳಲ್ಲಿ ಗಡಿಯ ಸುದ್ದಿ ಎಂದರೆ ಮಗನ ಫೋನು ಬಂತೇ ಇಲ್ಲವೇ ಎಂಬ ಸುದ್ದಿ.

ಈ ಪ್ರಶ್ನೆಗೆ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಹಾಡುವವರು ಹಾಡಲಿ, ಆಡುವವರು ಆಡಲಿ, ದೇಶದ ವಿಚಾರ ಅವರಿಗೇಕೆ ಎಂಬುದು ಒಂದು. ಇಷ್ಟು ಜನರ ಪ್ರೀತಿ ಉಂಡವರು ಹೊತ್ತು ಬಂದಾಗ ಸುಮ್ಮನಿದ್ದರೆ ಅದು ದ್ರೋಹವಲ್ಲವೇ ಎಂಬುದು ಇನ್ನೊಂದು. ಗಮನಿಸಿ ನೋಡಿದರೆ ಹಲವು ಬಾರಿ ಒಬ್ಬರೇ ವ್ಯಕ್ತಿ ಎರಡನ್ನೂ ಹೇಳುತ್ತಿರುತ್ತಾರೆ: ತಮಗೆ ಒಪ್ಪುವ ಮಾತಾದರೆ ಧೈರ್ಯವೆಂದೂ, ಒಪ್ಪದ ಮಾತಾದರೆ ಅಧಿಕಪ್ರಸಂಗವೆಂದೂ ಹೆಸರಿಡುತ್ತಾರೆ. ಹಕ್ಕಿನ ವಿಷಯದಲ್ಲಿ ಗೊಂದಲವೇನಿಲ್ಲ. ಸಂವಿಧಾನದ 19(1)(ಎ) ವಿಧಿ ಕೊಡುವ ವಾಕ್ ಸ್ವಾತಂತ್ರ್ಯ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿಗೆ ಎಷ್ಟಿದೆಯೋ ನಟನಿಗೂ ಅಷ್ಟೇ ಇದೆ. 19(2)ರ ನಿರ್ಬಂಧಗಳೂ ಇಬ್ಬರಿಗೂ ಒಂದೇ. ಹಾಗಾಗಿ ಮಾತಾಡಬಹುದೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಮಾತಾಡಿದ ಮೇಲೆ ಅವರ ಮೇಲೆ ಬೀಳುವ ಹೊಣೆ ಏನು ಎಂದು ಕೇಳುವುದೇ ಸರಿಯೆಂದು ನನಗೆ ತೋರುತ್ತದೆ.

ಇದಕ್ಕೊಂದು ಅಳತೆಗೋಲು ನಮ್ಮ ಭಾಗದ ಜನಪದ ವೇದಿಕೆಯಲ್ಲೇ ಇದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಜಾತ್ರೆಗಳಲ್ಲಿ ಗೀಗೀ ಮೇಳಗಳ ಹರದೇಶಿ–ನಾಗೇಶಿ ವಾದವನ್ನು ಕೇಳಿದವರಿಗೆ ಅದರ ಕಟ್ಟಳೆ ಗೊತ್ತು. ಒಂದು ಮೇಳ ಶಿವನ ಪಕ್ಷ ಹಿಡಿದರೆ ಇನ್ನೊಂದು ಶಕ್ತಿಯ ಪಕ್ಷ ಹಿಡಿಯುತ್ತದೆ. ದಪ್ಪು, ತುಂತುಣಿ ಹಿಡಿದು ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕಟ್ಟಬೇಕು. ಬೆಳಗಿನ ಜಾವದವರೆಗೆ ಕೂತ ಜನ ಎರಡನ್ನೂ ತೂಗಿ ನೋಡುತ್ತಾರೆ. ಪಕ್ಷ ಹಿಡಿದದ್ದಕ್ಕೆ ಅಲ್ಲಿ ಯಾರೂ ಕಲಾವಿದನನ್ನು ಬಯ್ಯುವುದಿಲ್ಲ. ಆದರೆ ಸವಾಲು ಹಾಕಿ, ಜವಾಬು ಕೇಳದೆ ಗಂಟುಮೂಟೆ ಕಟ್ಟಿ ಹೊರಟ ಮೇಳವನ್ನು ಮುಂದಿನ ವರ್ಷ ಆ ಊರಿನವರು ಕರೆಯಲಾರರು. ಜವಾಬ್ದಾರಿ ಎಂದು ನಾವು ದಿನವೂ ಬಳಸುವ ಪದದೊಳಗೇ ಆ ಜವಾಬು ಕೂತಿದೆ. ಇಂದಿನ ಖ್ಯಾತನಾಮರ ಮಾತಿನಲ್ಲಿ ಬಹುಮಟ್ಟಿಗೆ ಕಾಣೆಯಾಗಿರುವುದು ಇದೇ. ಅವರು ನಾಲ್ಕು ಸಾಲು ಬರೆಯುತ್ತಾರೆ, ಪ್ರತಿಕ್ರಿಯೆಗಳ ಬಾಗಿಲು ಮುಚ್ಚುತ್ತಾರೆ, ಮರುದಿನ ಹೊಸ ಜಾಹೀರಾತಿನ ಚಿತ್ರ ಹಾಕುತ್ತಾರೆ.

ಜವಾಬಿಗೆ ನಿಂತವರ ಚರಿತ್ರೆಯೂ ನಮ್ಮ ಮುಂದಿದೆ. 1967ರ ಏಪ್ರಿಲ್ 28ರಂದು ಅಮೆರಿಕದ ಮುಷ್ಟಿಯುದ್ಧ ಚಾಂಪಿಯನ್ ಮುಹಮ್ಮದ್ ಅಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೇನೆ ಸೇರಲು ನಿರಾಕರಿಸಿದಾಗ ಅವರಿಗೆ 25 ವರ್ಷ. ಪಟ್ಟ ಹೋಯಿತು, ಆಡುವ ಪರವಾನಗಿ ಹೋಯಿತು, ಐದು ವರ್ಷಗಳ ಸೆರೆವಾಸ ಮತ್ತು 10,000 ಡಾಲರ್ ದಂಡದ ಶಿಕ್ಷೆ ಪ್ರಕಟವಾಯಿತು. ಮೇಲ್ಮನವಿ ಬಾಕಿಯಿದ್ದ ಕಾರಣ ಅವರು ಜೈಲಿಗೆ ಹೋಗಲಿಲ್ಲವಾದರೂ, ಮುಷ್ಟಿಯುದ್ಧದವನ ದೇಹ ಅತ್ಯಂತ ಹುರುಪಿನಲ್ಲಿರುವ ಸುಮಾರು ಮೂರೂವರೆ ವರ್ಷಗಳನ್ನು ಅಖಾಡದ ಹೊರಗೆ ಕಳೆದುಕೊಂಡರು. ಆ ವರ್ಷಗಳಲ್ಲಿ ಅವರು ಮಾಡಿದ್ದೇನೆಂದರೆ, ಕಾಲೇಜುಗಳಿಗೆ ಹೋಗಿ ಭಾಷಣ ಮಾಡಿದ್ದು ಮತ್ತು ತಮ್ಮನ್ನು ಒಪ್ಪದ ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಎದುರಿಸಿದ್ದು. 1971ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ಶಿಕ್ಷೆಯನ್ನು ರದ್ದುಗೊಳಿಸಿತು. ಅದೇ ಯುದ್ಧವನ್ನು ವಿರೋಧಿಸಿದ ನಟಿ ಜೇನ್ ಫೊಂಡಾ 1972ರಲ್ಲಿ ಎದುರಾಳಿ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್‌ಗೆ ಹೋದಾಗ ವಿಮಾನ ಹೊಡೆದುರುಳಿಸುವ ತೋಪಿನ ಮೇಲೆ ಕೂತು ತೆಗೆಸಿಕೊಂಡ ಚಿತ್ರ ಸೈನಿಕರ ಕುಟುಂಬಗಳನ್ನು ಎಷ್ಟು ನೋಯಿಸಿತೆಂದರೆ, ಮುಂದಿನ ದಶಕಗಳಲ್ಲಿ ಅವರು ಮತ್ತೆ ಮತ್ತೆ ಕ್ಷಮೆ ಕೇಳಬೇಕಾಯಿತು. ಇಬ್ಬರೂ ಒಂದೇ ಯುದ್ಧದ ವಿರೋಧಿಗಳು. ಅಲಿ ತಮ್ಮ ಮೈಯನ್ನೇ ಒತ್ತೆ ಇಟ್ಟರು. ಆ ಒಂದು ಚಿತ್ರದಲ್ಲಿ ಫೊಂಡಾ, ತಮಗೆ ಅರಿವಿಲ್ಲದೆಯೇ, ಆಕಾಶದಲ್ಲಿದ್ದ ಬೇರೆಯವರ ಮಕ್ಕಳ ಪ್ರಾಣವನ್ನು ಹಗುರವಾಗಿ ಕಂಡಂತೆ ಆಯಿತು. ಯುದ್ಧವನ್ನು ವಿರೋಧಿಸುವವರಿಗೂ ಬೆಂಬಲಿಸುವವರಿಗೂ ಈ ವ್ಯತ್ಯಾಸ ಸಮನಾಗಿ ಅನ್ವಯಿಸುತ್ತದೆ.

ನಮ್ಮಲ್ಲೇ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸರ್ಕಾರದ ಪ್ರಚಾರಕ್ಕೆ ಸಹಕರಿಸದ ಕಿಶೋರ್ ಕುಮಾರ್ ಅವರ ಹಾಡುಗಳನ್ನು ಆಕಾಶವಾಣಿ ನಿಲ್ಲಿಸಿತು. ಅದೇ ವರ್ಷ ನಟಿ ಸ್ನೇಹಲತಾ ರೆಡ್ಡಿ ಬಂಧನಕ್ಕೊಳಗಾದರು. ಉಬ್ಬಸದಿಂದ ಬಳಲುತ್ತ ಬೆಂಗಳೂರು ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇದ್ದು, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಕಲಾವಿದರಿಗೆ ರಾಜಕೀಯವೇಕೆ ಎಂದು ಕೇಳುವವರು ಈ ಹೆಣ್ಣುಮಗಳ ಹೆಸರನ್ನು ಒಮ್ಮೆ ನೆನೆಯಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಡಾ. ರಾಜ್‌ಕುಮಾರ್ ಅವರ ಉದಾಹರಣೆ ಇನ್ನಷ್ಟು ಹತ್ತಿರದ್ದು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಿಗಬೇಕೆಂದು ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟು, ಸರ್ಕಾರ ಅದನ್ನು ಜಾರಿಗೊಳಿಸಲು ಹಿಂದೆಮುಂದೆ ನೋಡುತ್ತಿದ್ದಾಗ, 1982ರಲ್ಲಿ ಅವರು ಚಳವಳಿಗೆ ಇಳಿದರು. ಬೆಳಗಾವಿಯಿಂದ ಬೆಂಗಳೂರಿನವರೆಗೆ ಊರೂರಿನಲ್ಲಿ ಜನರ ಎದುರು ನಿಂತರು. ಅವರ ಮಾತಿಗೆ ಬಂದ ತೂಕ ಅಭಿಮಾನದಿಂದಷ್ಟೇ ಬಂದದ್ದಲ್ಲ. ಭಾಷೆ ಅವರ ಅನ್ನದ ವಿಷಯವಾಗಿತ್ತು, ಅವರು ಜೀವಮಾನವಿಡೀ ಬಳಸಿ ಬಲ್ಲ ವಿಷಯವಾಗಿತ್ತು. ಬೆನ್ನಿಗೆ ತಜ್ಞರ ವರದಿಯೊಂದಿತ್ತು, ಕೇಳಿದ್ದು ನಿರ್ದಿಷ್ಟವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆ ಜನಸಾಗರವನ್ನು ಅವರು ಮತಪೆಟ್ಟಿಗೆಗೆ ಒಯ್ಯಲಿಲ್ಲ. ಪಕ್ಷಗಳು ಕರೆದರೂ ಚುನಾವಣೆಗೆ ನಿಲ್ಲಲಿಲ್ಲ. ರಾಜಕೀಯದಿಂದ ದೂರವಿದ್ದ ಮನುಷ್ಯ ನಮ್ಮ ಕಾಲದ ಬಹುದೊಡ್ಡ ರಾಜಕೀಯ ಬೇಡಿಕೆಯೊಂದಕ್ಕೆ ದನಿಯಾದರೆಂಬುದು ನನಗೆ ಇಂದಿಗೂ ಬೆರಗಿನ ಸಂಗತಿ. ಮಾತಾಡುವವರು ಚುನಾವಣೆಗೆ ನಿಲ್ಲಬಾರದೆಂದು ಇದರರ್ಥವಲ್ಲ. ನಿಂತರೆ ಅದು ಬೇರೆ ಲೆಕ್ಕ. ಆಗ ಅವರು ಮತದಾರರ ಮುಂದೆ ಐದು ವರ್ಷಕ್ಕೊಮ್ಮೆಯಾದರೂ ಜವಾಬು ಕೊಡಲೇಬೇಕಾಗುತ್ತದೆ.

ಖ್ಯಾತನಾಮರ ಮಾತಿಗೆ ನಿಜಕ್ಕೂ ಎಷ್ಟು ಬಲ? ಅಮೆರಿಕದಲ್ಲಿ ಬರಾಕ್ ಒಬಾಮಾ ಅವರನ್ನು ಟಿ.ವಿ. ನಿರೂಪಕಿ ಓಪ್ರಾ ವಿನ್‌ಫ್ರೀ ಬೆಂಬಲಿಸಿದ್ದರಿಂದ 2008ರ ಪಕ್ಷದ ಒಳಚುನಾವಣೆಯಲ್ಲಿ ಸುಮಾರು 10 ಲಕ್ಷ ಮತಗಳು ಹೆಚ್ಚಾಗಿರಬಹುದೆಂದು ಅಲ್ಲಿನ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಟೇಲರ್ ಸ್ವಿಫ್ಟ್ ಕಮಲಾ ಹ್ಯಾರಿಸ್ ಅವರನ್ನು ಬೆಂಬಲಿಸಿ ಹಾಕಿದ ಕೊಂಡಿಯ ಮೂಲಕ ಒಂದೇ ದಿನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಮತದಾರರ ನೋಂದಣಿ ಮಾಹಿತಿಯ ಸರ್ಕಾರಿ ಜಾಲತಾಣಕ್ಕೆ ಹೋದರು. ಆದರೆ ನವೆಂಬರ್‌ನಲ್ಲಿ ಹ್ಯಾರಿಸ್ ಸೋತರು. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ, ತಾರೆಯ ಮಾತು ಜನರ ಕಣ್ಣನ್ನು ಒಂದು ವಿಷಯದತ್ತ ತಿರುಗಿಸಬಲ್ಲದು, ಆದರೆ ಮನಸ್ಸನ್ನು ತಿರುಗಿಸುವುದು ಅಷ್ಟು ಸುಲಭವಲ್ಲ ಎಂದು ಕಾಣುತ್ತದೆ. ಮತದಾರ ಪೆದ್ದನೆಂದು ತಿಳಿದು ತಾರೆಯರ ಬಾಯಿ ಮುಚ್ಚಿಸಲು ಹೊರಡುವುದು ಹೀಗಾಗಿ ಸರಿಯಲ್ಲ.

ಆದರೆ ಯುದ್ಧದ ಹೊತ್ತು ಚುನಾವಣೆಯ ಹೊತ್ತಿನಂತಲ್ಲ, ಮತ್ತು ಈ ಚರ್ಚೆಯ ತಿರುಳು ಇರುವುದು ಇಲ್ಲಿಯೇ. ಚುನಾವಣೆಯಲ್ಲಿ ಮಾಹಿತಿ ಬಯಲಲ್ಲಿರುತ್ತದೆ. ಪ್ರಣಾಳಿಕೆ ಓದಬಹುದು, ಕೆಟ್ಟ ರಸ್ತೆಯನ್ನು ಕಣ್ಣಾರೆ ನೋಡಬಹುದು. ಯುದ್ಧದಲ್ಲಿ ಮುಖ್ಯ ಮಾಹಿತಿಯೆಲ್ಲ ಗುಟ್ಟಾಗಿರುತ್ತದೆ, ಗುಟ್ಟಾಗಿಯೇ ಇರಬೇಕಾಗುತ್ತದೆ. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು 26 ಜನರ ಹತ್ಯೆಯಾದ ನಾಲ್ಕೇ ದಿನಕ್ಕೆ, ಸೇನಾ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬಾರದೆಂದು ಕೇಂದ್ರ ವಾರ್ತಾ ಸಚಿವಾಲಯ ಮಾಧ್ಯಮಗಳಿಗೆ ಸೂಚಿಸಿದ್ದು ಈ ಕಾರಣಕ್ಕೇ. ಅಷ್ಟಾದರೂ ಮೇ ತಿಂಗಳ ಆ ರಾತ್ರಿಗಳಲ್ಲಿ ಕರಾಚಿ ಬಂದರು ಧ್ವಂಸವಾಯಿತೆಂದು ಹಲವು ಚಾನೆಲ್‌ಗಳು ಹೇಳಿದವು. ವಿಡಿಯೊ ಗೇಮ್‌ನ ದೃಶ್ಯಗಳು ಸಮರದ ದೃಶ್ಯಗಳೆಂದು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಸುದ್ದಿಮನೆಗಳೇ ಎಡವುವ ಇಂಥ ಹೊತ್ತಿನಲ್ಲಿ, ಸುದ್ದಿಯನ್ನು ಪರೀಕ್ಷಿಸುವ ಯಾವ ವ್ಯವಸ್ಥೆಯೂ ಇಲ್ಲದ ನಟರೋ ಆಟಗಾರರೋ ಯಾವ ವಿಮಾನ ಬಿತ್ತು, ಯಾವ ನೆಲೆ ಉರಿಯಿತು ಎಂಬ ವಿವರವನ್ನು ಹಂಚುವುದು ಅಪಾಯಕಾರಿ. ಸುದ್ದಿ ಬೇರೆ, ನಿಲುವು ಬೇರೆ. ನಾಗರಿಕರು ಸಾಯಬಾರದು, ಉಗ್ರರಿಗೆ ಶಿಕ್ಷೆಯಾಗಬೇಕು, ಸೈನಿಕರ ಮನೆಯವರಿಗೆ ಆಸರೆ ಬೇಕು ಎನ್ನಲು ಯಾರಿಗೂ ಸೇನೆಯ ಗುಟ್ಟು ಗೊತ್ತಿರಬೇಕಿಲ್ಲ. ಅದನ್ನು ಅವರು ನಿಶ್ಚಿಂತೆಯಿಂದ ಹೇಳಲಿ. ಸುದ್ದಿಯನ್ನು ಮಾತ್ರ ಅದನ್ನು ಬಲ್ಲವರಿಗೆ ಬಿಡಲಿ.

ಇನ್ನೊಂದು ವ್ಯತ್ಯಾಸವೂ ಇದೆ. ಯುದ್ಧ ಬೇಕೆಂದು ಬರೆಯುವವರಲ್ಲಿ ಬಹುಪಾಲು ಜನ ಹೋರಾಡುವವರಲ್ಲ. ಅಂಥ ಮಾತಿನ ಬೆಲೆಯನ್ನು ತೆರುವವರು ಬೇರೆ, ಚಪ್ಪಾಳೆ ಪಡೆಯುವವರು ಬೇರೆ. ನಮ್ಮ ಹಳ್ಳಿಗಳಿಂದ ಭರ್ತಿಗೆ ಓಡುವ ಹುಡುಗರನ್ನು ದಿನವೂ ನಸುಕಿನಲ್ಲಿ ನೋಡುವ ನನಗೆ, ಹವಾನಿಯಂತ್ರಿತ ಕೋಣೆಯಿಂದ ಬರುವ ರಣೋತ್ಸಾಹ ತಾಳಲಾಗದ ಸಂಕಟ ಕೊಡುತ್ತದೆ.

ಬಾಯಿ ಬಿಡದವರ ಪಾಡೂ ಸುಖದ್ದಲ್ಲ. ಬೆಂಗಳೂರಿನಲ್ಲಿ ನಡೆಯಬೇಕಿದ್ದ ತಮ್ಮ ಹೆಸರಿನ ಜಾವೆಲಿನ್ ಕೂಟಕ್ಕೆ ಪಾಕಿಸ್ತಾನದ ಅರ್ಷದ್ ನದೀಂ ಅವರನ್ನು ನೀರಜ್ ಚೋಪ್ರಾ ಆಹ್ವಾನಿಸಿದ್ದು ಪಹಲ್ಗಾಮ್ ದಾಳಿಗೆ ಮೊದಲು. ದಾಳಿಯ ನಂತರ ಅವರ ದೇಶನಿಷ್ಠೆಯನ್ನೇ ಪ್ರಶ್ನಿಸಲಾಯಿತು, ಅವರ ತಾಯಿಯನ್ನೂ ನಿಂದಿಸಲಾಯಿತು. 2016ರಲ್ಲೇ ಸೇನೆ ಸೇರಿದ ಮನುಷ್ಯ ತಾನು ದೇಶಭಕ್ತನೆಂದು ಹೇಳಿಕೆ ಬರೆಯಬೇಕಾಗಿ ಬಂದದ್ದು ನಾವೆಲ್ಲರೂ ತಲೆತಗ್ಗಿಸಬೇಕಾದ ಸಂಗತಿ. ಮೇ 10ರಂದು ಕದನವಿರಾಮ ಘೋಷಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಅವರು, ಸರ್ಕಾರದ ತೀರ್ಮಾನವನ್ನು ಓದಿ ಹೇಳಿದ ತಪ್ಪಿಗೆ, ನಿಂದನೆಯ ಮಳೆ ತಾಳಲಾರದೆ ತಮ್ಮ ‘ಎಕ್ಸ್’ ಖಾತೆಯನ್ನು ಮುಚ್ಚಿಟ್ಟುಕೊಳ್ಳಬೇಕಾಯಿತು. 2023ರ ಸೆಪ್ಟೆಂಬರ್‌ನಲ್ಲಿ ತಮಿಳು ನಟ ಸಿದ್ಧಾರ್ಥ್ ಕಾವೇರಿಯ ಬಗ್ಗೆ ಚಕಾರ ಎತ್ತದೆ ತಮ್ಮ ಚಿತ್ರದ ಸಲುವಾಗಿ ಬೆಂಗಳೂರಿಗೆ ಬಂದಿದ್ದಾಗ ಅವರ ಪತ್ರಿಕಾಗೋಷ್ಠಿಯನ್ನು ನಿಲ್ಲಿಸಲಾಯಿತು. ಶಿವರಾಜ್‌ಕುಮಾರ್ ಮತ್ತು ಪ್ರಕಾಶ್ ರಾಜ್ ಅದಕ್ಕೆ ಕ್ಷಮೆ ಕೇಳಿದ್ದು ನಮ್ಮ ಮಾನ ಉಳಿಸಿತು. ಮಾತಾಡೆಂದು ಒತ್ತಾಯಿಸಿ ಪಡೆದ ಮಾತಿಗೆ ಅಭಿಪ್ರಾಯವೆಂಬ ಹೆಸರು ಸಲ್ಲದು.

ಕೇಳುವವರ ಕಡೆಯ ಜವಾಬೂ ಹೇಗಿರಬೇಕೆಂಬುದಕ್ಕೆ ಅದೇ 2025ರ ಎರಡು ಪ್ರಸಂಗಗಳಿವೆ. ಕನ್ನಡ ಹಾಡಿಗಾಗಿ ಒತ್ತಾಯಿಸಿದ ಹುಡುಗನ ವರ್ತನೆಯನ್ನು ಪಹಲ್ಗಾಮ್‌ಗೆ ಜೋಡಿಸಿ ಗಾಯಕ ಸೋನು ನಿಗಮ್ ಆಡಿದ ಮಾತು ಖಂಡನೆಗೆ ತಕ್ಕದ್ದೇ ಆಗಿತ್ತು. 26 ಹೆಣಗಳನ್ನು ಹೋಲಿಕೆಗೆ ಬಳಸಿದ್ದು ಆ ಮಾತಿನ ದೋಷ. ಅವರು ಕ್ಷಮೆ ಕೇಳಿದರು. ಕನ್ನಡ ತಮಿಳಿನಿಂದ ಹುಟ್ಟಿತೆಂದು ಕಮಲ್ ಹಾಸನ್ ಹೇಳಿದ್ದೂ ತಪ್ಪೇ. ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಸೋದರ ಭಾಷೆಗಳೆಂದು ಭಾಷಾವಿಜ್ಞಾನ ಹೇಳುತ್ತದೆ. ಆದರೆ ಆ ತಪ್ಪಿಗೆ ಜವಾಬು ಕೊಡಬೇಕಾಗಿದ್ದುದು ಭಾಷಾವಿಜ್ಞಾನದಿಂದ. ಅವರ ಚಿತ್ರಕ್ಕೆ ಇಲ್ಲಿ ತಡೆಯೊಡ್ಡಿದಾಗ, ಗುಂಪುಗಳ ಬೆದರಿಕೆಗೆ ಕಾನೂನು ಮಣಿಯಬಾರದೆಂದು 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಎದುರಾಳಿ ಮೇಳದ ದಪ್ಪನ್ನು ಒಡೆದು ಹಾಕುವುದು ನಮ್ಮ ಜಾತ್ರೆಯ ಸಂಪ್ರದಾಯವಲ್ಲ.

ಗಡಿನಾಡಿನವರಾದ ನಮಗೆ ಇದು ತಿಳಿದಷ್ಟು ಬೇರೆಯವರಿಗೆ ತಿಳಿಯಲಿಕ್ಕಿಲ್ಲ. 2025ರ ಫೆಬ್ರುವರಿಯಲ್ಲಿ ಬೆಳಗಾವಿಯ ಬಳಿ ಬಸ್ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾದ ಮೇಲೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ನಡುವಿನ ಬಸ್ಸುಗಳು ನಿಂತುಹೋದವು. ಎರಡೂ ಕಡೆ ದೊಡ್ಡವರು ದೊಡ್ಡ ಮಾತಾಡಿದರು. ಕೊಲ್ಹಾಪುರದ ದವಾಖಾನೆಗೆ ಹೊರಟ ರೋಗಿಗಳೂ, ನಿಪ್ಪಾಣಿಯ ಆಚೆ ಮಗಳನ್ನು ಕೊಟ್ಟ ತಾಯಂದಿರೂ ನಿಲ್ದಾಣದಲ್ಲಿ ಕೂತರು. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಆಡಿದ ಮಾತಿನ ಬಿಸಿ ತಟ್ಟುವುದು ಹೀಗೆ ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ ಆಡಿಕೊಂಡು ಬದುಕುವವರಿಗೆ.

ಮಾತಿನ ಹಿಂದೆ ಹಣವಿದೆಯೇ ಎಂಬ ಪ್ರಶ್ನೆಯನ್ನು ನಾವು ಸಾಕಷ್ಟು ಕೇಳುತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಂಡ ತಾರೆಗೂ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು; ತಪ್ಪು ಮರುಕಳಿಸಿದರೆ 50 ಲಕ್ಷದವರೆಗೆ. ಮೊದಲ ಸಲ ಒಂದು ವರ್ಷದವರೆಗೆ, ಮರುಕಳಿಸಿದರೆ ಮೂರು ವರ್ಷದವರೆಗೆ ಜಾಹೀರಾತಿನಿಂದ ದೂರ ಇಡಬಹುದು. ಮಾಡುವ ಮೊದಲು ವಿಚಾರಿಸಿ ನೋಡಿದ್ದೆ ಎಂದು ತೋರಿಸಿದವರಿಗೆ ಮಾತ್ರ ವಿನಾಯಿತಿ. ತಯಾರಕರೊಂದಿಗಿನ ನಂಟನ್ನು ಬಹಿರಂಗಪಡಿಸಬೇಕೆಂದು 2022ರ ಮಾರ್ಗಸೂಚಿಯೂ ಇದೆ. ತಲೆಗೆ ಹಚ್ಚುವ ಎಣ್ಣೆಯ ಬಗ್ಗೆ ಇಷ್ಟು ಎಚ್ಚರ ವಹಿಸಿದ ಕಾಯ್ದೆ ಸರಕು ಮತ್ತು ಸೇವೆಗಳಿಗೆ ಸೀಮಿತವಾದದ್ದು. ದೇಶದ ಆಗುಹೋಗಿನ ಕುರಿತ ಪೋಸ್ಟಿಗೆ ಅಂಥ ಕಟ್ಟಳೆಯಿಲ್ಲ. 2021ರ ಫೆಬ್ರುವರಿಯಲ್ಲಿ ರೈತ ಹೋರಾಟದ ಬಗ್ಗೆ ಗಾಯಕಿ ರಿಹಾನಾ ಬರೆದ ಒಂದು ಸಾಲಿಗೆ ವಿದೇಶಾಂಗ ಸಚಿವಾಲಯ ಹೇಳಿಕೆ ಕೊಟ್ಟಿತು, ಬೆನ್ನಲ್ಲೇ ನಮ್ಮ ನಟರು ಮತ್ತು ಆಟಗಾರರು ಸಾಲುಸಾಲಾಗಿ ಬರೆದರು, ಕೆಲವರ ಬರಹದಲ್ಲಿ ಪದಗಳೂ ಒಂದೇ ಆಗಿದ್ದವು. ಅವರು ಯಾರ ಒತ್ತಡದಲ್ಲಿ ಬರೆದರೆಂದು ಊಹಿಸುವುದು ನನ್ನ ಕೆಲಸವಲ್ಲ. ಆದರೆ ಸ್ವಂತ ಅಭಿಪ್ರಾಯಕ್ಕೆ ಸ್ವಂತ ವಾಕ್ಯವಾದರೂ ಇರಬೇಕೆಂದು ಓದುಗರು ನಿರೀಕ್ಷಿಸುವುದು ನ್ಯಾಯವಾದದ್ದೇ. ರೈತರು ವಿರೋಧಿಸಿದ್ದ ಆ ಮೂರೂ ಕೃಷಿ ಕಾಯ್ದೆಗಳು ವರ್ಷ ಮುಗಿಯುವುದರೊಳಗೆ ರದ್ದಾದವು. ಪರವಾಗಿ ಬರೆದವರಾಗಲಿ ವಿರೋಧವಾಗಿ ಬರೆದವರಾಗಲಿ ಮತ್ತೆ ಬಂದು ವಿವರಿಸಿದ್ದು ವಿರಳ.

ಚುನಾವಣೆಯಲ್ಲಿ ಕನಿಷ್ಠ ಒಂದು ಹೆಸರಾದರೂ ಇದೆ: ತಾರಾ ಪ್ರಚಾರಕರು. ಮಾನ್ಯತೆ ಪಡೆದ ಪಕ್ಷ 40 ಜನರ, ಉಳಿದ ನೋಂದಾಯಿತ ಪಕ್ಷಗಳು 20 ಜನರ ಪಟ್ಟಿಯನ್ನು ಆಯೋಗಕ್ಕೆ ಕೊಡಬಹುದು. ಅವರ ಪ್ರಯಾಣದ ವೆಚ್ಚ ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿಯಲ್ಲಿರುವವರು ಯಾರ ಪರವೆಂದು ಎಲ್ಲರಿಗೂ ಗೊತ್ತಿರುತ್ತದೆ, ಹಾಗಾಗಿ ಮೋಸವಿಲ್ಲ.

ಆಟಗಾರರ ಸ್ಥಿತಿ ಇನ್ನೂ ಇಕ್ಕಟ್ಟಿನದು. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಉಸ್ಮಾನ್ ಖ್ವಾಜಾ ಗಾಜಾದ ಜನರಿಗಾಗಿ, ಎಲ್ಲ ಜೀವಗಳೂ ಸಮಾನ ಎಂದು ಬೂಟಿನ ಮೇಲೆ ಬರೆದುಕೊಂಡಾಗ ಐಸಿಸಿ ಒಪ್ಪಲಿಲ್ಲ. ಕಪ್ಪುಪಟ್ಟಿ ಕಟ್ಟಿ ಆಡಿದ್ದಕ್ಕೆ ವಾಗ್ದಂಡನೆ ವಿಧಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಗೆಲುವನ್ನು ಸೇನೆಗೆ ಅರ್ಪಿಸಿ ಮಾತಾಡಿದ ಸೂರ್ಯಕುಮಾರ್ ಯಾದವ್ ಅವರಿಗೆ ಪಂದ್ಯದ ಸಂಭಾವನೆಯ ಶೇ 30ರಷ್ಟು ದಂಡ ಬಿತ್ತು. ಒಬ್ಬರನ್ನು ಮೆಚ್ಚಿ ಇನ್ನೊಬ್ಬರನ್ನು ಜರೆಯುವುದು ಸುಲಭ. ನನ್ನ ಮಟ್ಟಿಗೆ ಇಬ್ಬರೂ ಪರಿಣಾಮ ಬಲ್ಲವರಾಗಿ ಮಾತಾಡಿದರು, ಬಂದ ಶಿಕ್ಷೆ ಅವರ ಮೇಲೆಯೇ ಬಿತ್ತು.

ಕೊನೆಯದಾಗಿ ನಮ್ಮದೇ ಮನೆಯಂಗಳದ ಒಂದು ಬಾಕಿಯನ್ನು ಹೇಳಲೇಬೇಕು. ಮಹದಾಯಿ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಅದರ ಹಳ್ಳಗಳಾದ ಕಳಸಾ–ಬಂಡೂರಿಯ ನೀರಿಗಾಗಿ 2015ರಲ್ಲಿ ನರಗುಂದದ ರೈತರು ಧರಣಿ ಕೂತಾಗ ಕನ್ನಡ ಚಿತ್ರರಂಗದ ಮಂದಿ ಹುಬ್ಬಳ್ಳಿಗೆ ಬಂದು ಬೆಂಬಲ ಕೊಟ್ಟರು. ಅದರಿಂದ ಉಪಕಾರವಾಯಿತು, ಕ್ಯಾಮೆರಾಗಳು ಈ ಕಡೆ ತಿರುಗಿದವು, ಕಾವೇರಿಯಷ್ಟೇ ಕರ್ನಾಟಕದ ನದಿಯಲ್ಲವೆಂಬುದು ದಕ್ಷಿಣದವರಿಗೂ ಮುಟ್ಟಿತು. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರು ಹಂಚಿಕೆ ಮಾಡಿತು. ಅದರ ನಂತರ ವಿಷಯ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳ ಕಡತಕ್ಕೆ ಹೋಯಿತು. ಘೋಷಣೆ ಕೂಗಲು ಬಾರದ, ಓದಿ ಅರ್ಥಮಾಡಿಕೊಳ್ಳಬೇಕಾದ, ಖಾನಾಪುರದ ಕಾಡಿನ ಜನರ ಆತಂಕವನ್ನೂ ನರಗುಂದದವರ ಬಾಯಾರಿಕೆಯನ್ನೂ ಒಟ್ಟಿಗೆ ತೂಗಬೇಕಾದ ಘಟ್ಟಕ್ಕೆ ಬಂತು. ಕ್ಯಾಮೆರಾಗಳು ಹೋದವು. 2015ರ ಆ ವೇದಿಕೆಯಲ್ಲಿ ಮೈಕು ಹಿಡಿದವರಲ್ಲಿ ಒಬ್ಬರಾದರೂ ಇಂದು ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಬಂದು, ಅರ್ಧಕ್ಕೆ ನಿಂತ ಕಾಲುವೆಯ ಪಕ್ಕದಲ್ಲಿ ನಿಂತು, ಅಂದು ಹೇಳಿದ್ದರಲ್ಲಿ ಈಗಲೂ ತಮಗೆ ಸರಿಯೆನಿಸುವುದು ಯಾವುದು, ಬದಲಾದದ್ದು ಯಾವುದು ಎಂದು ಎರಡೂ ಊರಿನವರಿಗೆ ಹೇಳಿದರೆ, ಅವರ ಮುಂದಿನ ಮಾತನ್ನು ಕೇಳಲು ನಾನು ಸಿದ್ಧನಿದ್ದೇನೆ.